ಕಣ್ಣಂಚಿನ ನೋಟ: ಟೆನ್ಷನ್ ಇಳಿಸಲು ಹಂತ ಹಂತದ ಮಾರ್ಗದರ್ಶಿ

ಬಲಗೈಯನ್ನು ಮುಂದಕ್ಕೆ ನೇರವಾಗಿ ಚಾಚಿ, ಹೆಬ್ಬೆರಳಿನ ಉಗುರನ್ನು ನೋಡಿ. ನಮ್ಮ ಕಣ್ಣು ಒಂದು ಸಲಕ್ಕೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು. ಸುಮಾರು 2 ಡಿಗ್ರಿ. ಆದರೆ ಎರಡೂ ಕಣ್ಣು ತೆರೆದಿದ್ದಾಗ ಎಡದಿಂದ ಬಲಕ್ಕೆ 180 ಡಿಗ್ರಿಗೂ ಜಾಸ್ತಿ ಕಾಣಿಸುತ್ತಿರುತ್ತದೆ. ಮೇಲಕ್ಕೆ 60 ಡಿಗ್ರಿ, ಕೆಳಕ್ಕೆ 70 ಡಿಗ್ರಿಯಷ್ಟು. ಇಷ್ಟು ದೊಡ್ಡ ನೋಟ ದಿನವಿಡೀ ನಮ್ಮ ಮುಂದೆ ಇದ್ದರೂ ಗಮನವೆಲ್ಲ ಉಗುರಿನಗಲದ ಜಾಗಕ್ಕೇ ಹೋಗುತ್ತದೆ. ಮೊಬೈಲು, ಲ್ಯಾಪ್‌ಟಾಪು ಬಂದ ಮೇಲಂತೂ ಇನ್ನೂ ಜಾಸ್ತಿ, ಅಲ್ವಾ?

ಆ ನಡುವಿನ ಚೂರನ್ನು ಬಿಟ್ಟು ಸುತ್ತ ಕಾಣುವುದನ್ನೆಲ್ಲ ಕಣ್ಣಿನ ಡಾಕ್ಟರು ಪೆರಿಫೆರಲ್ ವಿಷನ್ ಎನ್ನುತ್ತಾರೆ. ನಾನಿಲ್ಲಿ ಕಣ್ಣಂಚಿನ ನೋಟ ಎಂದೇ ಬರೆಯುತ್ತೇನೆ. ಮನಸ್ಸು ಬಿಗಿಯಾದಾಗ ಈ ನೋಟ ಕುಗ್ಗುತ್ತದೆ. ಅದನ್ನು ಬೇಕೆಂದೇ ಮತ್ತೆ ಅಗಲಿಸಿದರೆ ಮನಸ್ಸಿನ ಬಿಗಿಯೂ ಸಡಿಲವಾಗಲು ದಾರಿಯಾಗುತ್ತದೆ. ಇದಕ್ಕೆ ದುಡ್ಡು ಬೇಡ, ಆ್ಯಪ್ ಬೇಡ, ಕಣ್ಣು ಮುಚ್ಚಿ ಕೂರುವ ಜಾಗವೂ ಬೇಡ. ಕಣ್ಣು ಮುಚ್ಚಿದರೆ ಯೋಚನೆ ಇನ್ನೂ ಜೋರಾಗುತ್ತದೆ ಎನ್ನುವವರು ತುಂಬಾ ಜನ ಇದ್ದಾರೆ. ಅವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಗಾಬರಿಯಾದಾಗ ಕಣ್ಣಿಗೆ ಏನಾಗುತ್ತದೆ

1959ರಲ್ಲಿ ಈಸ್ಟರ್‌ಬ್ರೂಕ್ ಎಂಬ ಮನಃಶಾಸ್ತ್ರಜ್ಞ ಒಂದು ಮಾತು ಹೇಳಿದರು. ಉದ್ವೇಗ ಏರಿದಂತೆ ನಾವು ಗಮನಿಸುವ ಸಂಗತಿಗಳ ಹರವು ಕಿರಿದಾಗುತ್ತದೆ. ಮುಖ್ಯ ಎನ್ನಿಸಿದ್ದು ಉಳಿಯುತ್ತದೆ, ಅಂಚಿನದ್ದು ಬಿಟ್ಟುಹೋಗುತ್ತದೆ.

ಇದನ್ನು ಚೆನ್ನಾಗಿ ತೋರಿಸಿದ್ದು ನೀರಿನಾಳಕ್ಕೆ ಇಳಿಯುವ ಡೈವರ್‌ಗಳ ಮೇಲೆ ನಡೆದ ಪ್ರಯೋಗಗಳು. ಅಮೆರಿಕದ ವೆಲ್ಟ್‌ಮನ್ ಮತ್ತು ಎಗ್‌ಸ್ಟ್ರಾಮ್ 1966ರಲ್ಲಿ ಹೊಸ ಡೈವರ್‌ಗಳಿಗೆ ಎದುರಿಗೊಂದು ಕೆಲಸ ಕೊಟ್ಟು, ಕಣ್ಣಂಚಿನಲ್ಲಿ ಒಂದು ಸಣ್ಣ ದೀಪ ಹೊತ್ತಿಸಿದರು. ನೀರಿಗಿಳಿದ ಮೇಲೆ ಕೆಲವರು ಆ ದೀಪಕ್ಕೆ ತುಂಬಾ ತಡವಾಗಿ ಸ್ಪಂದಿಸಿದರು. 1971ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜನರನ್ನು ಒತ್ತಡದ ಕೋಣೆಯೊಳಗೆ ಕೂರಿಸಿ, ನಿಮ್ಮನ್ನು 60 ಅಡಿ ಆಳಕ್ಕೆ ಸಮನಾದ ಒತ್ತಡಕ್ಕೆ ಒಯ್ಯುತ್ತಿದ್ದೇವೆ ಎಂದರು. ನಿಜವಾಗಿ ಕೋಣೆಯ ಒತ್ತಡವನ್ನು ಏರಿಸಲೇ ಇಲ್ಲ. ಆದರೂ ಒಳಗಿದ್ದವರ ಎದೆಬಡಿತ ಏರಿತು. ಎದುರಿಗಿದ್ದ ಕೆಲಸವನ್ನು ಅವರು ಎಂದಿನಂತೆಯೇ ಮಾಡಿದರು. ಅಂಚಿನ ದೀಪ ಮಾತ್ರ ಕಣ್ಣಿಗೆ ಬೀಳುವುದು ಕಡಿಮೆಯಾಯಿತು.

ನನಗೆ ಈ ಪ್ರಯೋಗ ತುಂಬಾ ಮುಖ್ಯ ಅನ್ನಿಸುತ್ತದೆ. ಅಪಾಯ ಇರಲೇ ಇಲ್ಲ. ಅಪಾಯವಿದೆ ಎಂಬ ಅನಿಸಿಕೆಯಷ್ಟೇ ಸಾಕಾಯಿತು, ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ ನೋಟ ಕಿರಿದಾಗಲು. ಬಾಸ್ ಕಳಿಸಿದ ಒಂದು ಸಾಲಿನ ಮೆಸೇಜ್ ಓದಿದಾಗಲೂ, ಮಗುವಿನ ಮಾರ್ಕ್ಸ್ ಕಾರ್ಡ್ ಕೈಗೆ ಬಂದಾಗಲೂ ಇಂಥದ್ದೇ ಆಗುತ್ತದೆ. ಪಕ್ಕದಲ್ಲಿ ಯಾರೋ ಕರೆದದ್ದೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಎಚ್ಚರ ಹೇಳಬೇಕು. ಕಣ್ಣಂಚಿನಿಂದ ನೋಡಿದ ತಕ್ಷಣ ಮೈಯನ್ನು ಶಾಂತವಾಗಿಸುವ ಪ್ಯಾರಾಸಿಂಪಥೆಟಿಕ್ ನರಗಳ ಸ್ವಿಚ್ ಆನ್ ಆಗುತ್ತದೆ ಎಂದು ತುಂಬಾ ವಿಡಿಯೋಗಳಲ್ಲಿ ಹೇಳುತ್ತಾರೆ. ವಿಷಯ ಅಷ್ಟು ಸರಳವಲ್ಲ. ಹತ್ತಿರದ್ದನ್ನು ನೋಡಲು ಕಣ್ಣಿನ ಮಸೂರವನ್ನು ಉಬ್ಬಿಸುವ ಸ್ನಾಯು ಇದೆಯಲ್ಲ, ಅದನ್ನು ನಡೆಸುವುದೂ ಪ್ಯಾರಾಸಿಂಪಥೆಟಿಕ್ ನರಗಳೇ. ಉದ್ವೇಗ ನೋಟವನ್ನು ಕುಗ್ಗಿಸುತ್ತದೆ ಎನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ. ನೋಟ ಅಗಲಿಸಿದರೆ ಉದ್ವೇಗ ಇಳಿಯುತ್ತದೆ ಎನ್ನುವುದಕ್ಕೆ ಇರುವುದು ಹೆಚ್ಚಾಗಿ ಮಾಡಿದವರ ಅನುಭವ. ನನ್ನ ಪ್ರಕಾರ ಮುಖ್ಯ ಕಾರಣ ಗಮನ. ಒಂದೇ ಚಿಂತೆಯನ್ನು ಮತ್ತೆ ಮತ್ತೆ ತಿರುವಿಹಾಕಲು ಮನಸ್ಸಿಗೆ ಗಮನ ಬೇಕು. ಆ ಗಮನವನ್ನು ಕೋಣೆಯ ತುಂಬಾ ಹರಡಿದರೆ ಚಿಂತೆಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ಜೊತೆಗೆ ದವಡೆ, ಹುಬ್ಬು, ಭುಜ ಸಡಿಲವಾಗುತ್ತವೆ. ಉಸಿರು ನಿಧಾನವಾಗುತ್ತದೆ.

ಮೊದಲು ನಿಮ್ಮ ಅಂಚು ಎಲ್ಲಿದೆ ನೋಡಿಕೊಳ್ಳಿ

ಎದುರಿನ ಗೋಡೆಯ ಮೇಲೆ ಒಂದು ಗುರುತು ಇಟ್ಟುಕೊಳ್ಳಿ. ಕ್ಯಾಲೆಂಡರಿನ ಮೊಳೆಯಾದರೂ ಸಾಕು. ಕಣ್ಣು ಅಲ್ಲೇ ಇರಲಿ. ಎರಡೂ ಕೈಗಳನ್ನು ಮುಖದ ಮುಂದೆ ಚಾಚಿ, ತೋರುಬೆರಳುಗಳನ್ನು ಸಣ್ಣಗೆ ಅಲ್ಲಾಡಿಸುತ್ತಾ ನಿಧಾನವಾಗಿ ಎರಡೂ ಪಕ್ಕಕ್ಕೆ ಸರಿಸಿ. ಕೈ ಕಿವಿಯ ನೇರಕ್ಕೆ ಬಂದರೂ ಬೆರಳು ಅಲ್ಲಾಡುವುದು ಗೊತ್ತಾಗುತ್ತದೆ. ಇನ್ನು ಅಲ್ಲಾಡಿಸುವುದನ್ನು ನಿಲ್ಲಿಸಿ. ಬೆರಳು ಮಾಯವಾದ ಹಾಗೆ ಆಗುತ್ತದೆ. ಮತ್ತೆ ಅಲ್ಲಾಡಿಸಿ, ಮತ್ತೆ ಕಾಣುತ್ತದೆ. ಅಂಚಿನ ನೋಟಕ್ಕೆ ಚಲನೆ ಎಂದರೆ ಅಷ್ಟು ಚುರುಕು.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಮಾಡಿ. ಬಣ್ಣದ ಸ್ಕೆಚ್ ಪೆನ್ನುಗಳಲ್ಲಿ ಯಾವುದೋ ಒಂದನ್ನು ಹಿಂದಿನಿಂದ ನಿಧಾನವಾಗಿ ನಿಮ್ಮ ಪಕ್ಕಕ್ಕೆ ತರಲು ಹೇಳಿ. ಮೊದಲು ಏನೋ ಅಲ್ಲಾಡಿದ್ದು ಕಾಣುತ್ತದೆ. ಅದು ಪೆನ್ನು ಎಂದು ಆಮೇಲೆ ಗೊತ್ತಾಗುತ್ತದೆ. ಬಣ್ಣ ಯಾವುದು ಎನ್ನುವುದು ಎಲ್ಲಕ್ಕಿಂತ ತಡ. ಕಾರಣ ರೆಟಿನಾದಲ್ಲಿದೆ, ಅಂದರೆ ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ಪದರದಲ್ಲಿ. ಬಣ್ಣ ಮತ್ತು ವಿವರ ಹಿಡಿಯುವ ಕೋನ್ ಕೋಶಗಳು ಸುಮಾರು 60 ಲಕ್ಷ. ಅವು ಅತಿ ದಟ್ಟವಾಗಿರುವುದು ನಡುವಿನ ಫೋವಿಯಾ ಎಂಬ ಪುಟ್ಟ ಗುಳಿಯಲ್ಲಿ. ಮಂದ ಬೆಳಕಿನಲ್ಲೂ ಕೆಲಸ ಮಾಡುವ ರಾಡ್ ಕೋಶಗಳು ಹತ್ತು ಕೋಟಿಯಷ್ಟಿವೆ. ಆ ಗುಳಿಯ ತೀರಾ ನಡುವೆ ಅವು ಇಲ್ಲವೇ ಇಲ್ಲ, ಸುತ್ತ ಹರಡಿಕೊಂಡಿವೆ.

ಅಂಚಿನಲ್ಲಿ ಕಾಣುವುದು ಮಸುಕಾಗಿಯೇ ಇರುತ್ತದೆ. ಅದನ್ನು ಸ್ಪಷ್ಟ ಮಾಡಿಕೊಳ್ಳಲು ಹೆಣಗಬೇಡಿ. ಹೆಣಗಿದರೆ ಮತ್ತೆ ಬಿಗಿತವೇ ಬರುತ್ತದೆ.

ಹಂತ 1: ಕೂರುವ ಜಾಗ

ಬೆನ್ನ ಹಿಂದೆ ಗೋಡೆ ಇರಲಿ, ಮುಂದೆ ತೆರೆದ ಜಾಗವಿರಲಿ. ತಾರಸಿ, ಬಾಲ್ಕನಿ, ಜಗಲಿ, ಕೆರೆ ದಂಡೆ, ಕೊನೆಗೆ ಒಂದು ಕಿಟಕಿ. ಹಿಂದಿನಿಂದ ಯಾರೂ ಬರುವುದಿಲ್ಲ ಎಂಬ ಧೈರ್ಯ ಇದ್ದರೆ ಕಣ್ಣು ಬೇಗ ಸಡಿಲವಾಗುತ್ತದೆ. ಫೋನ್ ಕೈಗೆ ಸಿಗದಷ್ಟು ದೂರದಲ್ಲಿರಲಿ. ಕನ್ನಡಕ ಹಾಕುವವರು ಹಾಕಿಕೊಂಡೇ ಮಾಡಬಹುದು. ಫ್ರೇಮಿನ ಆಚೆ ಇರುವುದು ಮಸುಕಾಗಿ ಕಂಡರೆ ತೊಂದರೆ ಏನಿಲ್ಲ.

ಹಂತ 2: ದೂರದ ಒಂದು ಬಿಂದು

ಕನಿಷ್ಠ 20 ಅಡಿ ದೂರದಲ್ಲಿ, ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇರುವ ಏನನ್ನಾದರೂ ಆರಿಸಿಕೊಳ್ಳಿ. ಎದುರು ಮನೆಯ ನೀರಿನ ಟ್ಯಾಂಕು, ತೆಂಗಿನ ಮರದ ತುದಿ, ಹೀಗೆ. ಅಷ್ಟು ದೂರ ನೋಡುವಾಗ ಮಸೂರದ ಸ್ನಾಯುವಿಗೆ ಕೆಲಸ ಇಲ್ಲದಂತೆಯೇ. ಜಪಾನಿನ ಕತ್ತಿವರಸೆಯಲ್ಲಿ ಎದುರಾಳಿಯನ್ನು ದೂರದ ಬೆಟ್ಟ ನೋಡುವ ಹಾಗೆ ನೋಡು ಎಂದು ಕಲಿಸುತ್ತಾರೆ. ಕತ್ತಿಯ ತುದಿಯನ್ನೇ ದಿಟ್ಟಿಸುವವನಿಗೆ ಎದುರಾಳಿಯ ಕಾಲು ಕಾಣುವುದಿಲ್ಲ ಎನ್ನುವುದು ಅದರ ಲೆಕ್ಕ. ಕೇರಳದ ಕಳರಿಪಯಟ್ಟಿನಲ್ಲೂ ಮೈಯೆಲ್ಲ ಕಣ್ಣಾಗಬೇಕು ಎಂಬ ಮಾತಿದೆ.

ಹಂತ 3: ಅಗಲಿಸುವುದು

ಇಡೀ ಅಭ್ಯಾಸದ ಜೀವ ಇರುವುದು ಇಲ್ಲೇ. ಆದ್ದರಿಂದ ಆತುರ ಬೇಡ.

ಕಣ್ಣು ಬಿಂದುವಿನ ಮೇಲೆ ಇರಲಿ. ಮೊದಲು ಬಿಂದುವಿನ ಎಡಬಲಕ್ಕೆ ಒಂದೊಂದು ಮೊಳ ಜಾಗವನ್ನು ಗಮನಿಸಿ. ಆಮೇಲೆ ಇನ್ನೂ ಅಗಲಕ್ಕೆ ಹೋಗಿ. ಬೆರಳುಗಳನ್ನು ಮುಂಚಿನ ಹಾಗೆ ಅಲ್ಲಾಡಿಸುತ್ತಾ ಪಕ್ಕಕ್ಕೆ ಒಯ್ದರೆ ಗಮನಕ್ಕೆ ದಾರಿ ಸಿಗುತ್ತದೆ. ಕೈ ಕಿವಿಯ ನೇರಕ್ಕೆ ಬಂದ ಮೇಲೆ ತೊಡೆಯ ಮೇಲೆ ಇಳಿಸಿಬಿಡಿ. ಗಮನ ಮಾತ್ರ ಅಲ್ಲೇ, ಎರಡೂ ಅಂಚಿನಲ್ಲಿ ಉಳಿಯಲಿ. ಆಮೇಲೆ ಮೇಲೆ ಮತ್ತು ಕೆಳಗೆ. ಸೂರು, ಆಕಾಶ, ನಿಮ್ಮದೇ ಮೊಣಕಾಲು, ನೆಲ, ಮೂಗಿನ ಎರಡು ಪಕ್ಕ. ಇವೆಲ್ಲ ಇಷ್ಟು ಹೊತ್ತೂ ಕಾಣುತ್ತಲೇ ಇದ್ದವು.

ಕಣ್ಣನ್ನು ಅಲ್ಲಾಡಿಸದೆ ಗಮನವನ್ನು ಮಾತ್ರ ಬೇರೆ ಕಡೆ ಕಳಿಸಲು ಆಗುತ್ತದಾ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ. 19ನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು ತಮ್ಮ ಮೇಲೇ ಪ್ರಯೋಗ ಮಾಡಿ ತೋರಿಸಿದರು. ಕತ್ತಲಲ್ಲಿ ಅಕ್ಷರಗಳ ಹಾಳೆ ಇಟ್ಟು, ಕಣ್ಣನ್ನು ನಡುವೆ ನೆಟ್ಟು, ಗಮನವನ್ನು ಒಂದು ಮೂಲೆಗೆ ಕೊಟ್ಟು, ಕ್ಷಣಕಾಲ ಕಿಡಿ ಹೊತ್ತಿಸಿದರು. ಗಮನ ಕೊಟ್ಟ ಮೂಲೆಯ ಅಕ್ಷರಗಳನ್ನೇ ಅವರಿಗೆ ಓದಲು ಆಯಿತು. ಕಣ್ಣು ತಿರುಗಲು ಸಮಯವೇ ಇರಲಿಲ್ಲ.

ಆದರೂ ಕಣ್ಣು ಜಿಗಿಯುತ್ತದೆ. ಸಹಜವಾಗಿಯೇ ಅದು ಸೆಕೆಂಡಿಗೆ ಮೂರು ಸಲದಷ್ಟು ಜಿಗಿಯುತ್ತಿರುತ್ತದೆ. ಪಕ್ಕದಲ್ಲಿ ಕಾಗೆ ಹಾರಿದರೆ ಅತ್ತ ಹೋಗಿಯೇ ಹೋಗುತ್ತದೆ. ಹೋಗಲಿ. ಬೈದುಕೊಳ್ಳದೆ ಬಿಂದುವಿಗೆ ವಾಪಸ್ ಬನ್ನಿ.

ಇನ್ನೊಂದು ವಿಚಿತ್ರವೂ ಆಗಬಹುದು. ತುಂಬಾ ಹೊತ್ತು ಅಲುಗಾಡದೆ ನೋಡಿದರೆ ಅಂಚಿನಲ್ಲಿರುವುದು ಬೂದಿ ಬಣ್ಣಕ್ಕೆ ತಿರುಗಿ ಕರಗಿದಂತೆ ಕಾಣುತ್ತದೆ. ಮೊದಲ ಸಲ ಹೀಗಾದಾಗ ಕೆಲವರು ಹೆದರುತ್ತಾರೆ, ಇನ್ನು ಕೆಲವರು ಏನೋ ದೊಡ್ಡ ಅನುಭವ ಆಯಿತು ಎಂದುಕೊಳ್ಳುತ್ತಾರೆ. ಎರಡೂ ಬೇಡ. ಸ್ವಿಟ್ಜರ್ಲೆಂಡಿನ ಡಾಕ್ಟರ್ ಟ್ರಾಕ್ಸ್‌ಲರ್ 1804ರಲ್ಲೇ ಇದನ್ನು ವಿವರಿಸಿದ್ದಾರೆ. ಬದಲಾಗದೆ ಇರುವ ಚಿತ್ರವನ್ನು ನಮ್ಮ ನರಗಳು ಸ್ವಲ್ಪ ಹೊತ್ತಿನಲ್ಲಿ ಕೈಬಿಡುತ್ತವೆ, ಅಷ್ಟೇ. ಕಣ್ಣು ಮಿಟುಕಿಸಿದರೆ ಎಲ್ಲ ವಾಪಸ್ ಬರುತ್ತದೆ. ಅಂಚು ಕರಗುತ್ತಿದೆ ಎಂದರೆ ನೀವು ದಿಟ್ಟಿಸುತ್ತಿದ್ದೀರಿ ಎಂದು ಅರ್ಥ. ರೆಪ್ಪೆಯನ್ನು ಧಾರಾಳವಾಗಿ ಮಿಟುಕಿಸಿ. ತ್ರಾಟಕ ಮಾಡಿ ರೂಢಿ ಇರುವವರಿಗೆ ಇಲ್ಲೇ ಗೊಂದಲವಾಗುವುದು. ಅಲ್ಲಿ ಒಂದು ಬಿಂದುವನ್ನು ರೆಪ್ಪೆ ಮುಚ್ಚದೆ ನೋಡಬೇಕು. ಇಲ್ಲಿ ಬಿಂದು ಬರೀ ನೆಪ. ನೋಡಬೇಕಾದ್ದು ಅದರ ಸುತ್ತಲಿನದ್ದು.

ಹಂತ 4: ಉಸಿರು, ದವಡೆ, ಕಿವಿ

ನೋಟ ಅಗಲವಾದ ಮೇಲೆ ಹಲ್ಲು ಕಚ್ಚಿಕೊಂಡಿದ್ದೀರಾ ನೋಡಿಕೊಳ್ಳಿ. ಮೇಲಿನ ಹಲ್ಲು, ಕೆಳಗಿನ ಹಲ್ಲು ತಾಗದಿರಲಿ. ಉಸಿರು ಒಳಗೆ ಹೋದದ್ದಕ್ಕಿಂತ ನಿಧಾನವಾಗಿ ಹೊರಗೆ ಬರಲಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುವುದು ಎಲ್ಲರಲ್ಲೂ ನಡೆಯುವ ಸಂಗತಿ. ಬಿಡುವ ಉಸಿರನ್ನು ಉದ್ದ ಮಾಡಿದರೆ ಅದರ ಲಾಭ ಸಿಗುತ್ತದೆ.

ಆಮೇಲೆ ಶಬ್ದಗಳನ್ನೂ ಒಳಗೆ ಬಿಟ್ಟುಕೊಳ್ಳಿ. ಬೆನ್ನ ಹಿಂದಿನ ಜಾಗಕ್ಕೆ ಕಣ್ಣು ಹೋಗುವುದಿಲ್ಲ, ಕಿವಿ ಹೋಗುತ್ತದೆ. ಅಡುಗೆಮನೆಯ ಕುಕ್ಕರ್ ಸೀಟಿ, ಬೀದಿಯ ತರಕಾರಿ ಗಾಡಿಯವನ ಕೂಗು, ಫ್ಯಾನಿನ ಸದ್ದು. ಇದು ಯಾವುದು, ಎಲ್ಲಿಂದ ಬಂತು ಎಂದು ಹುಡುಕಬೇಡಿ. ಸುಮ್ನೆ ಕೇಳಿಸಿಕೊಳ್ಳಿ. ಸುತ್ತಲೂ ಇರುವ ಪೂರ್ತಿ ಜಾಗದ ನಡುವೆ ನೀವು ಕೂತಿದ್ದೀರಿ ಎನ್ನುವುದು ಆಗ ಮೈಗೆ ಗೊತ್ತಾಗುತ್ತದೆ.

ಮೊದಮೊದಲು ಎರಡು ನಿಮಿಷ ಸಾಕು. ಬೆಳಗ್ಗೆ ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಂತಾಗ ಒಂದು ಸಲ, ಸಂಜೆ ಒಂದು ಸಲ. ಐದು ನಿಮಿಷಕ್ಕಿಂತ ಜಾಸ್ತಿ ಕೂತರೆ ಜಾಸ್ತಿ ಲಾಭ ಎಂದೇನೂ ಇಲ್ಲ. ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ ಮಾಡುವುದು ಮೇಲು.

ಹಂತ 5: ನಡೆಯುತ್ತಾ ಮಾಡುವುದು

ಕೂತು ಮಾಡುವುದು ರೂಢಿಯಾದ ಮೇಲೆ ನಡೆಯುತ್ತಾ ಮಾಡಿ. ನಡೆಯುವಾಗ ಮರ, ಬೇಲಿ, ನೆಲ ಎಲ್ಲವೂ ಪಕ್ಕದಿಂದ ಹಿಂದಕ್ಕೆ ಸರಿಯುತ್ತಿರುತ್ತವೆ. ಅಂಚಿನ ನೋಟಕ್ಕೆ ಚಲನೆಯೇ ಆಹಾರವಾದ್ದರಿಂದ ಇಲ್ಲಿ ಪ್ರಯತ್ನವೇ ಬೇಡ, ಅಗಲ ತಾನಾಗಿ ಬರುತ್ತದೆ. ಆಟದ ಮೈದಾನ, ಕೆರೆ ಸುತ್ತಿನ ದಾರಿ ಚೆನ್ನಾಗಿರುತ್ತವೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ದಂಡೆ ಇದೆ. ಬೆಂಗಳೂರಿನವರು ಲಾಲ್‌ಬಾಗಿನ ಬಂಡೆ ಹತ್ತಿ ನಿಂತರೆ ಊರ ನಡುವೆಯೇ ದಿಗಂತದಷ್ಟು ಅಗಲ ಸಿಗುತ್ತದೆ. ಚಪ್ಪಡಿ ಎದ್ದ ಫುಟ್‌ಪಾತಿನಲ್ಲಿ ಮಾತ್ರ ಬೇಡ, ಅಲ್ಲಿ ನೆಲ ನೋಡಿಕೊಂಡೇ ನಡೆಯಿರಿ.

ಹಕ್ಕಿ ನೋಡುವವರಿಗೆ ಇದು ಹೊಸದೇನಲ್ಲ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ಒಂದೊಂದೇ ಕೊಂಬೆಯನ್ನು ಹುಡುಕುತ್ತಾ ಹೋದರೆ ದಡದ ಬಂಡೆಯ ಮೇಲಿನ ಮೊಸಳೆ ತಪ್ಪಿಹೋಗಬಹುದು. ಇಡೀ ದಡವನ್ನು ಒಟ್ಟಿಗೆ ನೋಡುತ್ತಾ ಇದ್ದರೆ ಎಲ್ಲೋ ಒಂದು ರೆಕ್ಕೆ ಅಲ್ಲಾಡಿದ್ದು ಕಾಣುತ್ತದೆ. ಆಗ ಅತ್ತ ತಿರುಗಿ ದುರ್ಬೀನು ಹಿಡಿಯಬೇಕು. ನೋಡಿ ಆದ ಮೇಲೆ ಮತ್ತೆ ಅಗಲ. ಕಬಡ್ಡಿಯ ರೈಡರ್ ಮಾಡುವುದೂ ಇದನ್ನೇ. ಎದುರಿಗೆ ಏಳು ಜನ, ಎರಡೂ ಮೂಲೆಯಲ್ಲಿ ಕೈ ಕೈ ಹಿಡಿದು ಕಾಯುವವರು. ಒಬ್ಬನ ಮೇಲೇ ಕಣ್ಣಿಟ್ಟರೆ ಪಕ್ಕದವರು ಹಿಡಿದು ಹಾಕುತ್ತಾರೆ.

ಈ ಅಗಲ, ಚೂಪು, ಮತ್ತೆ ಅಗಲ ಎನ್ನುವ ಓಡಾಟವೇ ನೀವು ಕಲಿಯಬೇಕಾದ ಕಸುಬು. ಯಾವಾಗಲೂ ಅಗಲವಾಗಿಯೇ ಇರಬೇಕು ಎಂದಲ್ಲ. ಸೂಜಿಗೆ ದಾರ ಪೋಣಿಸುವಾಗ, ಲೆಕ್ಕ ಮಾಡುವಾಗ ಚೂಪು ನೋಟವೇ ಬೇಕು. ಚೂಪಿನಲ್ಲೇ ಸಿಕ್ಕಿಹಾಕಿಕೊಂಡು ಬಿಡುವುದು ಮಾತ್ರ ತೊಂದರೆ.

ರಾತ್ರಿಯೂ ಮಾಡಬಹುದು. ಊರ ಬೆಳಕು ಇಲ್ಲದ ಕಡೆ 20–30 ನಿಮಿಷ ಇದ್ದು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಚಳಿಗಾಲದ ಸಂಜೆ ಕೃತ್ತಿಕೆ ನಕ್ಷತ್ರಗಳ ಗುಂಪನ್ನು ನೇರವಾಗಿ ನೋಡಿ, ಆಮೇಲೆ ಅದರ ಸ್ವಲ್ಪ ಪಕ್ಕಕ್ಕೆ ನೋಡಿ. ಪಕ್ಕಕ್ಕೆ ನೋಡಿದಾಗಲೇ ಗುಂಪು ಹೆಚ್ಚು ಹೊಳೆಯುತ್ತದೆ. ಆಗ ಬೆಳಕು ಬೀಳುವುದು ರಾಡ್ ಕೋಶಗಳ ಮೇಲೆ. ಕಣ್ಣಂಚನ್ನು ನಂಬಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಂತ 6: ಬೇಕಾದ ಹೊತ್ತಿಗೆ ಬಳಸುವುದು

ಕಷ್ಟದ ಗಳಿಗೆಯಲ್ಲಿ ಮೊದಲ ಸಲ ಇದನ್ನು ಮಾಡಲು ಹೋದರೆ ಆಗುವುದಿಲ್ಲ. ನೆಮ್ಮದಿಯ ಹೊತ್ತಿನಲ್ಲಿ ಮಾಡಿ ಮಾಡಿ ಕೈಗೆ ಹತ್ತಿರಬೇಕು.

ಆಫೀಸಿನಲ್ಲಿ ಸ್ಕ್ರೀನ್ ಬಿಟ್ಟು ಏಳಲು ಆಗದಿದ್ದಾಗ ಸ್ಕ್ರೀನಿನ ಮೇಲಂಚಿನ ಆಚೆ ದೂರಕ್ಕೆ ನೋಡಿ. ಸ್ಕ್ರೀನಿನ ನಾಲ್ಕೂ ಅಂಚು, ಕೀಬೋರ್ಡಿನ ಮೇಲಿನ ಕೈ, ಪಕ್ಕದ ಕಿಟಕಿಯ ಬೆಳಕು ಒಟ್ಟಿಗೆ ಕಾಣಲಿ. ಮೂರು ಉಸಿರು ಸಾಕು. ಕಣ್ಣಿನ ಡಾಕ್ಟರು ಹೇಳುವ 20 ನಿಮಿಷಕ್ಕೊಮ್ಮೆ, 20 ಅಡಿ ದೂರ, 20 ಸೆಕೆಂಡು ಎಂಬ ಅಭ್ಯಾಸ ನಿಮಗೆ ಈಗಾಗಲೇ ಇದ್ದರೆ ಇದನ್ನು ಅದರೊಳಗೇ ಸೇರಿಸಿಬಿಡಿ.

ಇಂಟರ್‌ವ್ಯೂನಲ್ಲಿ ಕೇಳುವವರ ಮುಖವನ್ನು ನೋಡುತ್ತಲೇ ಅವರ ಎರಡೂ ಭುಜ, ಹಿಂದಿನ ಗೋಡೆ, ಮೇಜಿನ ತುದಿ ಗಮನಕ್ಕೆ ಬರಲಿ. ನೀವು ಏನೋ ಮಾಡುತ್ತಿದ್ದೀರಿ ಎಂದು ಅವರಿಗೆ ಗೊತ್ತೂ ಆಗುವುದಿಲ್ಲ. ಪರೀಕ್ಷೆ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ, ಆಸ್ಪತ್ರೆಯಲ್ಲಿ ಟೋಕನ್ ನಂಬರಿಗೆ ಕಾಯುವಾಗ ಕೂಡ ಮಾಡಬಹುದು. ಮನೆಯಲ್ಲಿ ಮಾತಿಗೆ ಮಾತು ಬೆಳೆಯುವಾಗ ನಮ್ಮ ಕಣ್ಣು ಎದುರಿನವರ ಬಾಯಿಯ ಮೇಲೆ ಮಾತ್ರ ಇರುತ್ತದೆ. ಅವರನ್ನು ಪೂರ್ತಿ ನೋಡಿ. ಕೈ ನಡುಗುತ್ತಿದೆಯಾ, ಬೆಳಗ್ಗಿನಿಂದ ಕೂತೇ ಇಲ್ಲವಾ, ಬಾಗಿಲ ಹತ್ತಿರ ಮಗು ನಿಂತು ಕೇಳಿಸಿಕೊಳ್ಳುತ್ತಿದೆಯಾ. ಇಷ್ಟು ಕಂಡ ಮೇಲೆ ಮುಂದಿನ ಮಾತು ಬೇರೆಯೇ ಆಗಿ ಬರುವ ಸಾಧ್ಯತೆ ಇದೆ.

ಗಾಡಿ ಓಡಿಸುವಾಗ ಅಭ್ಯಾಸ ಬೇಡ. ರಸ್ತೆಯಲ್ಲಿ ಕಣ್ಣು ಕನ್ನಡಿ, ಸಿಗ್ನಲ್, ಮುಂದಿನ ಗಾಡಿ ಎಂದು ಓಡಾಡುತ್ತಲೇ ಇರಬೇಕು. ಒಂದೇ ಕಡೆ ನೆಡುವುದು ಅಪಾಯ.

ಯಾರು ಜೋಪಾನವಾಗಿ ಮಾಡಬೇಕು

ತಲೆಸುತ್ತು ಬಂದರೆ ನಿಲ್ಲಿಸಿ, ಹತ್ತಿರದ ಒಂದು ವಸ್ತುವನ್ನು ನೋಡಿ, ನೀರು ಕುಡಿಯಿರಿ. ಆಘಾತದ ಅನುಭವ ಆದವರಿಗೆ, ಪ್ಯಾನಿಕ್ ಬರುವವರಿಗೆ ಅಂಚಿನ ಚಲನೆಯೇ ಬೆಚ್ಚಿಬೀಳಿಸಬಹುದು. ಅಪಾಯ ಬರುತ್ತಿದೆಯಾ ಎಂದು ಕಾಯುವ ಕೆಲಸವೂ ಕಣ್ಣಂಚಿನದ್ದೇ ಅಲ್ವಾ. ಅಂಥವರು ಜನ ಓಡಾಡದ ಕಡೆ, ಜೊತೆಗೆ ನಂಬಿಕೆಯವರನ್ನು ಕೂರಿಸಿಕೊಂಡು ಅರ್ಧ ನಿಮಿಷದಿಂದ ಶುರು ಮಾಡಲಿ. ಒಗ್ಗದಿದ್ದರೆ ಬಿಟ್ಟುಬಿಡಲಿ. ನಿದ್ದೆ, ಊಟ, ಕೆಲಸ ಕೆಡುವಷ್ಟು ಒತ್ತಡ ಇದ್ದರೆ ಡಾಕ್ಟರನ್ನು ಕಾಣಬೇಕು, ಇದು ಅದಕ್ಕೆ ಬದಲಿಯಲ್ಲ.

ಕೊನೆಯದಾಗಿ ಕಣ್ಣಿನ ಆರೋಗ್ಯ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಎಂಬ ಕಾಯಿಲೆಯಲ್ಲಿ ಅಂಚಿನ ನೋಟ ನೋವಿಲ್ಲದೆ, ಸದ್ದಿಲ್ಲದೆ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಇದು ಇದೆ ಎಂಬ ಅಂದಾಜಿದೆ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಅದಕ್ಕೇ ಆಗಾಗ ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಬೆರಳಿನ ಪರೀಕ್ಷೆ ಮಾಡಿಕೊಳ್ಳಿ. ಪ್ರತಿ ಕಣ್ಣಿಗೂ ಮೂಗಿಗೆ ವಿರುದ್ಧ ಬದಿಯಲ್ಲಿ, ನಡುವಿನಿಂದ 15 ಡಿಗ್ರಿಯಷ್ಟು ದೂರ, ಹುಟ್ಟಿನಿಂದ ಇರುವ ಒಂದು ಸಣ್ಣ ಕುರುಡು ಚುಕ್ಕೆ ಇದೆ. ಅದಕ್ಕೆ ಹೆದರಬೇಡಿ. ಅದನ್ನು ಬಿಟ್ಟು ಒಂದು ಕಡೆ ಕಡಿಮೆ ಕಂಡರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಬಂದರೆ, ಪಕ್ಕದಿಂದ ಪರದೆ ಎಳೆದಂತೆ ಕಂಡರೆ ಅದು ರೆಟಿನಾ ಕಳಚುತ್ತಿರುವ ಸೂಚನೆ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಎಷ್ಟು ಪರೀಕ್ಷೆ ಮಾಡಿಕೊಂಡರೂ 40 ದಾಟಿದವರು ಕಣ್ಣಿನ ಪ್ರೆಷರ್ ಮತ್ತು ನರದ ತಪಾಸಣೆ ಮಾಡಿಸಲೇಬೇಕು. ಅಪ್ಪ ಅಮ್ಮನಿಗೋ ಅಕ್ಕ ತಂಗಿ ಅಣ್ಣ ತಮ್ಮಂದಿರಿಗೋ ಗ್ಲಾಕೋಮಾ ಇದ್ದರೆ 40 ಆಗುವವರೆಗೆ ಕಾಯಬೇಡಿ.